ಹದಿನೆಂಟು ಡಿಗ್ರಿಯ ಹುಳು

ಪ್ರಮೀಳಾ ಅನುಮಾನದ ಹೆಂಗಸು. ತರಕಾರಿಯವನು ತಕ್ಕಡಿ ಎತ್ತಿದರೆ ಊರವರೆಲ್ಲ ಮುಳ್ಳು ನೋಡುತ್ತಾರೆ, ಇವಳು ಅವನ ಕಿರುಬೆರಳು ನೋಡುವಳು. ಮದುವೆಮನೆಯಲ್ಲಿ ಯಾರಾದರೂ ಬಂದು ಚೆನ್ನಾಗಿದ್ದೀಯಾ ಅಂತ ಕೇಳಿದರೆ, ಇವರಿಗೆ ನನ್ನಿಂದ ಏನು ಬೇಕಾಗಿರಬಹುದು ಅಂತ ಮನೆ ಸೇರುವವರೆಗೂ ಯೋಚಿಸುವಳು. ವಿಜ್ಞಾನ ಓದಿದವರಿಗೆ ಅನುಮಾನ ಇರಬೇಕು ಅಂತ ಅವಳ ಗೈಡು ಚಲುವರಾಜು ಮೇಷ್ಟ್ರೇ ಎಷ್ಟೋ ಸಲ ಹೇಳಿದ್ದರು. ಅವರು ಹೇಳಿದ್ದು ಸೂಕ್ಷ್ಮದರ್ಶಕದ ಕೆಳಗೆ ಕಾಣುವುದರ ಬಗ್ಗೆ. ಇವಳು ಅದನ್ನು ಅಡುಗೆಮನೆಗೂ ತಂದುಕೊಂಡಿದ್ದಳು.

ಆ ಡಿಸೆಂಬರಿನಲ್ಲಿ ಮಾತ್ರ ಅವಳ ಅನುಮಾನಕ್ಕೆ ಗಟ್ಟಿಯಾದ ಕಾರಣವೇ ಸಿಕ್ಕಿತು.

ಅವಳು ಕೆ.ಆರ್. ಪೇಟೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ತವರು ನಾಗಮಂಗಲದ ಕಡೆ, ಗಂಡನ ಮನೆ ಅಕ್ಕಿಹೆಬ್ಬಾಳು. ಪಾಠದ ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದಳು. ವಿಷಯ ಹಣ್ಣುನೊಣ. ಬಾಳೆಹಣ್ಣು ಕಳಿತರೆ ಮುಟ್ಟಿದ ಕೂಡಲೇ ಗುಂಪಾಗಿ ಏಳುತ್ತವಲ್ಲ, ಎಳ್ಳುಕಾಳಿನಷ್ಟು ಪುಟ್ಟವು, ಅವೇ. ಆ ನೊಣದ ಮರಿಹುಳುವಿನ ಜೊಲ್ಲುಗ್ರಂಥಿಯಲ್ಲಿ ಕ್ರೋಮೋಸೋಮುಗಳು ವಿಪರೀತ ದೊಡ್ಡವು. ಅಲ್ಲಿ ಜೀವಕೋಶ ಒಡೆದು ಎರಡಾಗುವುದಿಲ್ಲ, ಒಳಗಿನ ಎಳೆ ಮಾತ್ರ ಮತ್ತೆ ಮತ್ತೆ ನಕಲಾಗುತ್ತ ಹೋಗುತ್ತದೆ. ನಾರು ನಾರು ಸೇರಿ ಹಗ್ಗವಾಗುವ ಹಾಗೆ ನೂರಾರು ಎಳೆಗಳು ಒಂದಕ್ಕೊಂದು ಅಂಟಿಕೊಂಡು ದಪ್ಪವಾಗುತ್ತವೆ, ಉದ್ದಕ್ಕೂ ಅಡ್ಡಪಟ್ಟೆಗಳು ಕಾಣುತ್ತವೆ. ಹುಳು ತಣ್ಣನೆಯ ಕಡೆ ನಿಧಾನವಾಗಿ ಬೆಳೆದರೆ ಈ ಹಗ್ಗ ಇನ್ನೂ ದಪ್ಪ. ಬೆಚ್ಚನೆಯ ಕಡೆ ಬೆಳೆದರೆ ಹುಳು ಬೇಗ ದೊಡ್ಡದಾಗುತ್ತದೆ, ಹಗ್ಗ ಸಣ್ಣಗೇ ಉಳಿಯುತ್ತದೆ. ಎಷ್ಟು ತಂಪಿಗೆ ಎಷ್ಟು ದಪ್ಪ, ಪಟ್ಟೆಗಳು ಎಲ್ಲೆಲ್ಲಿ ಬದಲಾಗುತ್ತವೆ ಅನ್ನುವುದೇ ಅವಳ ಕೆಲಸ.

ಮಳೆಗಾಲದಲ್ಲಿ ನೊಣಗಳು ಕಾಲೇಜಿನಲ್ಲಿದ್ದಾಗ ಎಲ್ಲ ಸರಿಯಾಗಿತ್ತು. ಗೋಧಿ ರವೆಗೆ ಪಾಂಡವಪುರದ ಬೆಲ್ಲ ಹಾಕಿ ಕುದಿಸಿ, ಸೀಸೆಗಳ ತಳಕ್ಕೆ ಹುಯ್ದು, ಬಾಯಿಗೆ ಹತ್ತಿ ತುರುಕಿ, ಅದರೊಳಗೆ ನೊಣ ಸಾಕುತ್ತಿದ್ದಳು. ಅರ್ಧ ಸೀಸೆಗಳು ಹದಿನೆಂಟು ಡಿಗ್ರಿಯ ತಂಪು ಪೆಟ್ಟಿಗೆಯಲ್ಲಿ, ಇನ್ನರ್ಧ ಹೊರಗೆ ಬೆಚ್ಚಗೆ. ತಂಪಿನ ಹುಳುಗಳ ಕ್ರೋಮೋಸೋಮು ಎಷ್ಟು ದಪ್ಪ ಬಂದವೆಂದರೆ ಫೋಟೋ ನೋಡಿದ ಚಲುವರಾಜು ಮೇಷ್ಟ್ರು, ಯಾರನ್ನೂ ಸುಲಭಕ್ಕೆ ಹೊಗಳದವರು, ‘ಭೇಷ್’ ಅಂದಿದ್ದರು. ಆಮೇಲೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಡಲು ಲ್ಯಾಬಿನ ಆ ಕೋಣೆ ಬೇಕು ಅಂತ ಪ್ರಿನ್ಸಿಪಾಲರು ಖಾಲಿ ಮಾಡಿಸಿದರು. ಪ್ರಮೀಳಾ ಪೆಟ್ಟಿಗೆ, ಸೀಸೆ, ಸೂಕ್ಷ್ಮದರ್ಶಕ ಎಲ್ಲವನ್ನೂ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಅಕ್ಕಿಹೆಬ್ಬಾಳಿನ ಮನೆಗೆ ತಂದಳು. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಇಟ್ಟು, ಇದನ್ನು ಯಾರೂ ಮುಟ್ಟಬಾರದು ಅಂತ ಗಂಡನಿಗೂ ಅತ್ತೆಗೂ ಸೇರಿಸಿ ಹೇಳಿದಳು.

ಮನೆಗೆ ಬಂದ ಮೇಲೆ ಕೊಯ್ದ ಹುಳುಗಳಲ್ಲಿ ದಪ್ಪ ಹೋಯಿತು. ತಂಪಿನದನ್ನು ನೋಡಿದರೂ ಅಷ್ಟೇ, ಬೆಚ್ಚಗಿನದನ್ನು ನೋಡಿದರೂ ಅಷ್ಟೇ. ಹಸ್ತದ ನಡುಕ ಇರಬಹುದು, ಬಣ್ಣ ಹಳೆಯದಾಗಿರಬಹುದು ಅಂತ ಮತ್ತೆ ಮಾಡಿದಳು. ಅದೇ ಸಣ್ಣ ಎಳೆಗಳು. ಪೆಟ್ಟಿಗೆ ಕೆಟ್ಟಿದೆಯೇನೋ ಅಂತ ಇನ್ನೊಂದು ಥರ್ಮಾಮೀಟರು ಇಟ್ಟಳು. ಬೆಳಗ್ಗೆ ಕಾಲೇಜಿಗೆ ಹೊರಡುವಾಗ ನೋಡಿದರೆ ಹದಿನೆಂಟು, ಸಂಜೆ ಬಂದು ನೋಡಿದರೆ ಹದಿನೆಂಟು. ಆದರೆ ಹುಳುಗಳು ಮಾತ್ರ ಬೇಗನೇ ಬೆಳೆದು, ಇನ್ನೂ ದಿನ ಇರುವಾಗಲೇ ಗಾಜಿನ ಗೋಡೆ ಹತ್ತಿ ಕೂರುತ್ತಿದ್ದವು. ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ, ಹುಳು ಸುಳ್ಳು ಹೇಳುವುದಿಲ್ಲ. ಹಾಗಾದರೆ ನಡುವೆ ಯಾರೋ ಕೈಯಾಡಿಸುತ್ತಿದ್ದಾರೆ ಅಂತ ಅವಳಿಗೆ ಖಾತ್ರಿಯಾಯಿತು.

ಹೊಸ ಫೋಟೋಗಳನ್ನು ಕಳಿಸಿದ ದಿನವೇ ಮೈಸೂರಿನಿಂದ ಮೇಷ್ಟ್ರ ಫೋನು ಬಂತು.

“ಪ್ರಮೀಳಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಳೆಗಾಲದಲ್ಲಿ ಕಳಿಸಿದ ಫೋಟೋಗಳು ನೀವೇ ತೆಗೆದಿದ್ದಾ?”

“ನಾನೇ ಸಾರ್. ಇನ್ಯಾರು ತೆಗೀತಾರೆ?”

“ಅದೇ ನೊಣ, ಅದೇ ಪೆಟ್ಟಿಗೆ, ಅದೇ ಕೈ. ಆವಾಗ ದಪ್ಪ, ಈಗ ಸಣ್ಣ. ನಾನು ಏನಂತ ತಿಳ್ಕೊಳ್ಳಲಿ? ಇಂಟರ್ನೆಟ್ಟಲ್ಲಿ ಇಂಥ ಫೋಟೋ ಬೇಕಾದಷ್ಟು ಸಿಗುತ್ತೆ.”

ಮೇಷ್ಟ್ರು ತಾವೇ ಒಂದು ದಾರಿ ಹೇಳಿದರು. ಹೊಸದಾಗಿ ಸೀಸೆ ಹಾಕಬೇಕು. ಜನವರಿಯ ಎರಡನೇ ಶನಿವಾರ ತಾವೇ ಅಕ್ಕಿಹೆಬ್ಬಾಳಿಗೆ ಬರುತ್ತಾರೆ. ಅವರ ಕಣ್ಣೆದುರೇ ಹುಳು ಕೊಯ್ದು ತೋರಿಸಬೇಕು. ದಪ್ಪ ಬಂದರೆ ಸರಿ. ಬರದಿದ್ದರೆ ತಾವು ಸಹಿ ಹಾಕುವುದಿಲ್ಲ, ಯಾಕೆ ಹಾಕಲಿಲ್ಲ ಅಂತ ಕೇಳಿದವರಿಗೆ ಇದ್ದದ್ದನ್ನು ಹೇಳುತ್ತಾರೆ.

ಫೋನು ಇಟ್ಟು ಪ್ರಮೀಳಾ ಗೋಡೆಗೆ ಒರಗಿ ಕೂತು ಅತ್ತಳು. ಪದವಿ ಹೋದರೆ ಹೋಯಿತು ಅನ್ನಬಹುದಿತ್ತು. ಆದರೆ ಬೇರೆಯವರ ಫೋಟೋ ಕದ್ದು ತನ್ನದು ಅಂದವಳು ಅನ್ನುವ ಹೆಸರು ಬಂದರೆ ಯಾವ ಕಾಲೇಜಿನ ಮೆಟ್ಟಿಲು ಹತ್ತಿ ಯಾವ ಮುಖ ಇಟ್ಟುಕೊಂಡು ಪಾಠ ಮಾಡುವುದು? ಮಾಡದ ಕಳ್ಳತನಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಅಳು ಮುಗಿದ ಮೇಲೆ ಅವಳಿಗೆ ಬಂದದ್ದು ಸಿಟ್ಟು. ಸಿಟ್ಟಿಗೆ ಒಂದು ಹೆಸರು ಬೇಕಿತ್ತು.

ಮೊದಲು ಸಿಕ್ಕಿದ್ದು ಲತಾಳ ಹೆಸರು.

ಲತಾ ಅದೇ ಕಾಲೇಜಿನ ಇನ್ನೊಬ್ಬ ಅತಿಥಿ ಉಪನ್ಯಾಸಕಿ, ಪ್ರಾಣಿಶಾಸ್ತ್ರವೇ. ಸಾಮಾನು ಸಾಗಿಸುವ ದಿನ ಅವಳೇ ಮುಂದೆ ಬಂದು, ಅಲುಗಾಡಬಾರದು ಅಂತ ಸೀಸೆಗಳ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಅಕ್ಕಿಹೆಬ್ಬಾಳಿನವರೆಗೂ ಬಂದಿದ್ದಳು. ಆಗ ಒಳ್ಳೆಯ ಹುಡುಗಿ ಅನ್ನಿಸಿದ್ದಳು. ಈಗ ಯೋಚಿಸಿದರೆ, ಯಾರೂ ಕರೆಯದೆ ಯಾಕೆ ಬಂದಳು? ದಾರಿಯಲ್ಲಿ ಚೀಟಿ ಬದಲಾಯಿಸಿ ತಂಪಿನ ನೊಣದ ಜಾಗಕ್ಕೆ ಬೇರೆ ನೊಣ ಸೇರಿಸಿದ್ದರೆ? ಮುಂದಿನ ವರ್ಷ ಕಾಲೇಜಿನಲ್ಲಿ ಇಬ್ಬರಿಗೆ ಪಾಠ ಸಿಗುವುದಿಲ್ಲ, ಒಬ್ಬರಿಗೇ ಅಂತ ಮಾತು ಬೇರೆ ಇತ್ತು.

ಪರೀಕ್ಷೆ ಮಾಡಿಯೇ ಬಿಡೋಣ ಅಂತ ಪ್ರಮೀಳಾ ಸ್ಟಾಫ್ ರೂಮಿನಲ್ಲಿ ಒಂದು ಸುಳ್ಳು ಬಿಟ್ಟಳು.

“ಲತಾ, ಮೊನ್ನೆ ಕ್ರೋಮೋಸೋಮು ತುಂಬಾ ದಪ್ಪ ಬಂತು ಕಣೆ. ಸಾರ್‌ಗೆ ಖುಷಿಯಾಗಿದೆ.”

“ಹೌದಾ ಮೇಡಂ! ಸದ್ಯ, ಒಳ್ಳೇದಾಯ್ತು. ನಂಗೂ ಒಂದಿನ ತೋರಿಸಿ,” ಅಂದಳು ಲತಾ, ಮುಖವೆಲ್ಲ ನಗು.

ಮುಖ ಪೆಚ್ಚಾಗಿದ್ದರೆ ಇವಳೇ ಅಂತ ತೀರ್ಮಾನ ಮಾಡುವುದಿತ್ತು. ನಕ್ಕಿದ್ದರಿಂದ, ಎಷ್ಟು ಪಳಗಿದ್ದಾಳೆ ನೋಡು ಅಂತ ತೀರ್ಮಾನ ಮಾಡಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ದಿನದಿಂದ ಲತಾ ಟೀ ತಂದುಕೊಟ್ಟರೂ ಅದನ್ನು ಕುಡಿಯದೆ ಕಿಟಕಿಯಾಚೆ ಚೆಲ್ಲುವಷ್ಟಾಯಿತು. ಲತಾಗೆ ಅದು ಗೊತ್ತಾಗಿ ಅವಳು ಟೀ ತರುವುದು ಬಿಟ್ಟಳು. ಟೀ ತರುವುದು ನಿಲ್ಲಿಸಿದ್ದೂ ಒಂದು ಸಾಕ್ಷಿಯೇ ಆಯಿತು.

ಇತ್ತ ಮನೆಯಲ್ಲೂ ಗಾಳಿ ನೆಟ್ಟಗಿರಲಿಲ್ಲ.

ಪ್ರಮೀಳಾಳ ಗಂಡನ ಮನೆಯವರು ರೇಷ್ಮೆ ಸಾಕುವವರು. ಹಿತ್ತಲಿನಾಚೆ ಹುಳುವಿನ ಮನೆ, ಅದರ ಹಿಂದೆ ಹಿಪ್ಪುನೇರಳೆ ತೋಟ. ಗಂಡ ರವೀಂದ್ರ ಸೊಪ್ಪು, ಗೊಬ್ಬರ, ಮಾರುಕಟ್ಟೆ ನೋಡಿಕೊಂಡರೆ ಹುಳುವಿನ ಮನೆ ಪೂರ್ತಿ ಅತ್ತೆ ಪುಟ್ಟತಾಯಮ್ಮನದು. ಅಲ್ಲಿಗೆ ಹೊರಗಿನವರು ಕಾಲಿಡುವಂತಿಲ್ಲ. ಹೋದ ಬೆಳೆಯಲ್ಲಿ ಆ ಮನೆಗೆ ಊಜಿ ನೊಣ ನುಗ್ಗಿತ್ತು. ಊಜಿ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿ ಹುಳುವನ್ನು ಒಳಗಿನಿಂದಲೇ ತಿಂದು ಹಾಕುತ್ತದೆ. ಕಿಟಕಿಗೆಲ್ಲ ಬಲೆ ಹೊಡೆದಿದ್ದರೂ ಎಲ್ಲಿಂದಲೋ ಬಂದು ಅರ್ಧ ಬೆಳೆ ತಿಂದಿತ್ತು. ಅದೇ ತಿಂಗಳು ಮನೆಗೆ ಪ್ರಮೀಳಾಳ ಸೀಸೆಗಳೂ ಬಂದಿದ್ದವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಇಷ್ಟು ಸಾಕಾಯಿತು.

“ಮನೇಲೇ ನೊಣ ಸಾಕಂಡ್ ಕುಂತ್ರೆ ರೇಸ್ಮೆ ಉಳ ಉಳ್ದವಾ? ಓದ್ದೋರ್ ಮನೆ ಸಮಾಚಾರ ಕಣವ್ವ, ನಮ್ಗ್ಯಾಕೆ,” ಅಂತ ಪಕ್ಕದ ಮನೆಯ ಮಂಚಮ್ಮ ಬೀದಿ ನಲ್ಲಿಯ ಹತ್ತಿರ, ಪ್ರಮೀಳಾಗೆ ಕೇಳಿಸಲೆಂದೇ ಅಂದಿದ್ದಳು. ಪುಟ್ಟತಾಯಮ್ಮ ಅಲ್ಲೇ ಬಿಂದಿಗೆ ಹಿಡಿದು ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಮಂಚಮ್ಮನ ಮಾತಿಗಿಂತ ಅತ್ತೆಯ ಈ ಮೌನವೇ ಪ್ರಮೀಳಾಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಜನವರಿಯ ಮೊದಲ ವಾರ, ಸಂಜೆ ಬಸ್ಸಿಳಿದು ಮನೆಗೆ ಬಂದವಳು ಎಂದಿನಂತೆ ತಂಪು ಪೆಟ್ಟಿಗೆ ತೆಗೆದು ಸೀಸೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಂದು ಸೀಸೆಯ ತಳದಲ್ಲಿ ಬಿಳಿಯ ಬಳೆಯಂಥ ಗುರುತು ಕಂಡಿತು. ಬೆರಳಿನಿಂದ ಒರೆಸಿದಳು, ಮೂಸಿದಳು. ಸುಣ್ಣದ ಪುಡಿ. ಇನ್ನೊಂದು ಸೀಸೆ ಎತ್ತಿದಳು, ಅದರಲ್ಲೂ ಇತ್ತು.

ಆ ಮನೆಯಲ್ಲಿ ಸುಣ್ಣದ ಪುಡಿ ಇರುವುದು ಒಂದೇ ಕಡೆ. ರೇಷ್ಮೆ ಹುಳು ಪೊರೆ ಕಳಚುವುದಕ್ಕೆ ಮುಂಚೆ ಮೇವು ಬಿಟ್ಟು ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ರೈತರು ಜ್ವರಕ್ಕೆ ಕೂತಿವೆ ಅನ್ನುತ್ತಾರೆ. ಆಗ ಹಾಸಿಗೆ ಒಣಗಲಿ ಅಂತ ಮೇಲೆ ಸುಣ್ಣ ಉದುರಿಸುತ್ತಾರೆ. ಅಂದರೆ ತನ್ನ ಸೀಸೆಗಳು ಹುಳುವಿನ ಮನೆಗೆ ಹೋಗಿ ಬಂದಿವೆ. ಅಲ್ಲಿಗೆ ಲತಾ ಹೋಗುವುದು ಸಾಧ್ಯವಿಲ್ಲ. ರವೀಂದ್ರ ಹಗಲು ಹೊತ್ತು ಮನೆಯಲ್ಲಿರುವುದಿಲ್ಲ. ಉಳಿದವರು ಒಬ್ಬರೇ.

ಪ್ರಮೀಳಾಗೆ ಎಲ್ಲವೂ ಒಮ್ಮೆಗೇ ಹೊಂದಿಕೊಂಡವು. ಬೆಳೆ ಹೋದದ್ದು ಸೊಸೆಯ ನೊಣದಿಂದ ಅಂತ ಅತ್ತೆ ಒಳಗೊಳಗೇ ನಂಬಿದ್ದಾರೆ. ಬಾಯಿ ಬಿಟ್ಟು ಜಗಳ ಆಡುವ ಜಾತಿ ಅಲ್ಲ, ಹಾವೂ ಸಾಯಬೇಕು ಕೋಲೂ ಮುರಿಯಬಾರದು. ತಾನು ಕಾಲೇಜಿಗೆ ಹೋದ ಮೇಲೆ ಸೀಸೆ ಹೊತ್ತೊಯ್ದು ಏನೋ ಹಾಕುತ್ತಾರೆ, ಇಲ್ಲವೇ ಬಿಸಿ ತಾಗಿಸಿ ಹಾಳು ಮಾಡುತ್ತಾರೆ, ತಾನು ಬರುವ ಹೊತ್ತಿಗೆ ಏನೂ ಆಗದವರಂತೆ ತಂದಿಡುತ್ತಾರೆ. ಅದಕ್ಕೇ ಥರ್ಮಾಮೀಟರಿನಲ್ಲಿ ಏನೂ ಸಿಗಲಿಲ್ಲ!

ಊಟಕ್ಕೆ ಕೂತಾಗ ಗಂಡನನ್ನು ಕೇಳಿದಳು.

“ರೀ, ಅತ್ತೆ ನನ್ನ ಸೀಸೆಗಳನ್ನ ಹುಳುವಿನ ಮನೆಗೆ ತಗೊಂಡು ಹೋಗ್ತಾರಾ?”

ರವೀಂದ್ರ ಮುದ್ದೆ ಮುರಿಯುತ್ತಿದ್ದವನು ನಕ್ಕುಬಿಟ್ಟ. “ನಮ್ಮವ್ವ ನಿನ್ ನೊಣ ತಕ್ಕಂಡೋಗಿ ಏನ್ ಸಾರ್ ಮಾಡಾಳಾ? ಬುಡು ಅತ್ಲಾಗೆ.”

“ನಗೋ ವಿಷಯ ಅಲ್ಲ. ತಳದಲ್ಲಿ ಸುಣ್ಣ ಇದೆ.”

“ಸುಣ್ಣ ಗೋಡೇಲೂ ಅದೆ, ಎಲಡಿಕೆ ತಟ್ಟೇಲೂ ಅದೆ. ನೋಡು, ಅವ್ವನ್ ಮ್ಯಾಲೆ ಇಂಗೆಲ್ಲಾ ಅನುಮಾನ ಪಡ್ಬ್ಯಾಡ. ಅವ್ಳು ಅಂಥೋಳಲ್ಲ ಕಣೆ,” ಅಂದು ಅವನು ಎದ್ದು ಕೈತೊಳೆಯಲು ಹೋದ.

ಮಗನಾದವನು ಇನ್ನೇನು ಹೇಳುತ್ತಾನೆ ಅಂದುಕೊಂಡಳು ಪ್ರಮೀಳಾ. ಮಾರನೆಯ ಬೆಳಗ್ಗೆಯೇ ಪೆಟ್ಟಿಗೆಗೆ ಕೊಂಡಿ ಹೊಡೆಸಿ ಬೀಗ ಹಾಕಿದಳು. ಇಷ್ಟು ವರ್ಷದಲ್ಲಿ ಆ ಮನೆಯೊಳಗೆ ಒಬ್ಬರು ಇನ್ನೊಬ್ಬರ ಮೇಲೆ ಬೀಗ ಹಾಕಿದ್ದು ಅದೇ ಮೊದಲು. ಪುಟ್ಟತಾಯಮ್ಮ ಬಾಗಿಲ ಬಳಿ ನಿಂತು ಆ ಬೀಗವನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ಆಮೇಲೆ ಸೆರಗು ಸರಿಮಾಡಿಕೊಂಡು ಹಿತ್ತಲಿಗೆ ಹೋದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗಾಯಿತು ಅಂತ ಪ್ರಮೀಳಾ ಮನಸ್ಸಿನಲ್ಲೇ ಲೆಕ್ಕ ಮುಗಿಸಿದಳು.

ಆದರೆ ಹೊತ್ತು ಮೀರಿತ್ತು. ಹೊಸದಾಗಿ ಮೊಟ್ಟೆ ಇಡಿಸಿದರೆ ತಂಪಿನಲ್ಲಿ ಅವು ಶನಿವಾರದೊಳಗೆ ಬೆಳೆಯುವುದಿಲ್ಲ. ಇನ್ನೊಂದೆರಡು ವಾರ ಕೊಡಿ ಅಂತ ಮೇಷ್ಟ್ರನ್ನು ಕೇಳಿದರೆ ಅವರು ಏನು ತಿಳಿದುಕೊಳ್ಳುತ್ತಾರೆ ಅನ್ನುವುದು ಗೊತ್ತೇ ಇತ್ತು. ಸುಣ್ಣ ಹತ್ತಿದ ಒಂದು ಸೀಸೆಯನ್ನು ಅವಳು ಒರೆಸದೆ ಬೇರೆ ತೆಗೆದಿಟ್ಟಳು. ಅತ್ತೆಯನ್ನು ಈಗ ಕೇಳುವುದಿಲ್ಲ. ಕೇಳಿದರೆ ಇಲ್ಲ ಅನ್ನುತ್ತಾರೆ. ಮೇಷ್ಟ್ರ ಮುಂದೆಯೇ ತೆಗೆದು ತೋರಿಸುತ್ತೇನೆ, ಆಗ ಏನು ಹೇಳುತ್ತಾರೋ ನೋಡೋಣ ಅಂತ ಹಲ್ಲು ಕಚ್ಚಿಕೊಂಡು ಶನಿವಾರಕ್ಕೆ ಕಾದಳು.

ಶನಿವಾರ ಹೊತ್ತೇರಿದ ಮೇಲೆ ಚಲುವರಾಜು ಮೇಷ್ಟ್ರ ಕಾರು ಬಂತು. ಶ್ರೀರಂಗಪಟ್ಟಣದ ಹತ್ತಿರ ಕಬ್ಬಿನ ಗಾಡಿಗಳು ಅಡ್ಡ ಸಿಕ್ಕಿ ತಡವಾಯಿತು ಅಂತ ಹೇಳುತ್ತ ಒಳಗೆ ಬಂದರು. ತೆಳ್ಳಗಿನ ಮನುಷ್ಯ, ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ. ರವೀಂದ್ರ ಎಳನೀರು ಕೆತ್ತಿ ಕೊಟ್ಟು, ಸೊಪ್ಪಿನ ಗಾಡಿ ಬಂದಿದೆ ಅಂತ ತೋಟದ ಕಡೆ ಹೋದ. ಪುಟ್ಟತಾಯಮ್ಮ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದರು.

“ಉಪ್ಪಿಟ್ಟು ಆಮೇಲೆ ತಿಂತೀನಿ. ಮೊದಲು ಕೆಲಸ,” ಅಂದರು ಮೇಷ್ಟ್ರು.

ಬೀಗ ತೆಗೆದು ಸೀಸೆ ಹೊರಗೆ ತಂದಾಗ ಅವರ ಕಣ್ಣು ಬೀಗದ ಮೇಲೆ ಒಂದು ಗಳಿಗೆ ನಿಂತಿತು. ಯಾವ ಸೀಸೆ, ಯಾವ ಹುಳು ಅಂತ ತಾವೇ ಆರಿಸಿದರು. ಪ್ರಮೀಳಾ ಗಾಜಿನ ಮೇಲೆ ಉಪ್ಪುನೀರಿನ ಹನಿ ಹಾಕಿ, ಗೋಡೆ ಹತ್ತಿದ್ದ ಹುಳುವನ್ನು ಅದರಲ್ಲಿಟ್ಟಳು. ಒಂದು ಸೂಜಿಯಿಂದ ಮೈ ಒತ್ತಿ ಹಿಡಿದು ಇನ್ನೊಂದರಿಂದ ಬಾಯಿಯ ಕಡೆಯಿಂದ ಎಳೆದಳು. ಅದರ ಜೊತೆಗೆ ಪಾರದರ್ಶಕವಾದ ಎರಡು ಪುಟ್ಟ ಗ್ರಂಥಿಗಳು ಬಂದವು. ಕೆಂಪು ಬಣ್ಣ ಹಾಕಿ ಬಿಟ್ಟು, ಮೇಲೆ ತೆಳು ಗಾಜು ಮುಚ್ಚಿ, ಒತ್ತುಕಾಗದ ಇಟ್ಟು ಹೆಬ್ಬೆರಳಿನಿಂದ ಅದುಮಿದಳು. ಕೈ ಒಂದಿಷ್ಟೂ ನಡುಗಲಿಲ್ಲ. ಕೆಲಸದಲ್ಲಿ ಅವಳನ್ನು ಹಿಡಿಯುವಂತಿರಲಿಲ್ಲ, ಅದನ್ನು ಒಪ್ಪಲೇಬೇಕು.

ಮೇಷ್ಟ್ರು ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಇನ್ನೊಂದು ಹುಳು ಕೊಯ್ಯಿಸಿದರು. ಮತ್ತೊಂದು. ಕೊನೆಗೆ ತಲೆ ಎತ್ತಿ ಕನ್ನಡಕ ಹಾಕಿಕೊಂಡರು.

“ಪ್ರಮೀಳಾ, ಎಲ್ಲ ಸಣ್ಣ. ಪಟ್ಟೆ ಎಣಿಸೋಕೂ ಆಗಲ್ಲ. ಈಗ ಹೇಳಿ, ಆ ಮೊದಲನೇ ಫೋಟೋಗಳು ಎಲ್ಲಿಯವು?”

“ಸಾರ್, ನನ್ನ ತಪ್ಪಿಲ್ಲ. ಮನೆಯಲ್ಲೇ ನನ್ನ ಸೀಸೆಗಳನ್ನ ಹಾಳು ಮಾಡಿದ್ದಾರೆ. ನೋಡಿ,” ಅಂದು ಪ್ರಮೀಳಾ ತೆಗೆದಿಟ್ಟಿದ್ದ ಸೀಸೆಯನ್ನು ಅವರ ಮುಂದೆ ಬೋರಲು ಹಿಡಿದು ಸುಣ್ಣದ ಗುರುತು ತೋರಿಸಿದಳು. ಅವಳ ದನಿ ಏರಿತ್ತು. “ಇದು ರೇಷ್ಮೆ ಹುಳುವಿನ ಮನೆ ಸುಣ್ಣ. ನಾನಿಲ್ಲದಾಗ ಸೀಸೆ ಅಲ್ಲಿಗೆ ಹೋಗಿದೆ. ಬೇಕು ಅಂತಲೇ ಮಾಡಿದ್ದಾರೆ.”

“ಯಾರು?”

ಪ್ರಮೀಳಾ ಅಡುಗೆಮನೆಯ ಬಾಗಿಲಿನ ಕಡೆ ನೋಡಿದಳು. ಅಲ್ಲಿ ಪುಟ್ಟತಾಯಮ್ಮ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಒಳಗೆ ಬಂದರು.

“ನಾನೇ ಸ್ವಾಮಿ,” ಅಂದರು. “ಆಳ್ ಮಾಡಾನ ಅಂತ ಅಲ್ಲ. ಅವ್ಳು ಪೇಟೆಗೆ ಓದ್ಮೇಲೆ ಒಂದಿನ ಆ ಪೆಟ್ಗೆ ಬಾಗ್ಲು ತಗ್ದು ನೋಡ್ದೆ. ಒಳ್ಗೆ ಐಸ್ನಂಗದೆ. ಉಳ ಎಲ್ಲಾ ಮುದುರ್ಕಂಡ್ ಕುಂತವೆ. ಜೀವ ಚುರ್ ಅಂತು. ನಾವು ಈ ಚಳೀಲಿ ರೇಸ್ಮೆ ಉಳಕ್ಕೆ ಕೆಂಡ ಮಡಗಿ, ಕರೆಂಟ್ ಕಾಯಿಲ್ ಆಕಿ ಮಕ್ಳಂಗೆ ನೋಡ್ಕತೀವಿ. ಸೀತಕ್ಕೆ ಬುಟ್ರೆ ಉಳ ಮೇಯಕಿಲ್ಲ, ಬೆಳ್ಯಕಿಲ್ಲ, ಸೊರಗೋಯ್ತವೆ. ಪಾಪ, ಓದೋ ಉಡ್ಗಿ, ಇವ್ಳಿಗೆ ಉಳ ಸಾಕದು ಗೊತ್ತಿಲ್ವೇನೋ ಅಂತ ದಿನಾ ಮೊರದಲ್ಲಿ ಮಡಿಕಂಡು ನಮ್ ಉಳಿನ್ ಮನೆಗೆ ತಕ್ಕಂಡೋಗಿ ಬೆಚ್ಗೆ ಮಡಗ್ತಿದ್ದೆ. ಅವ್ಳ್ ಬಸ್ ಬರೋ ಒತ್ಗೆ ತಂದು ಮಡಗ್ಬುಡ್ತಿದ್ದೆ. ಯಾರೂ ಮುಟ್ಬಾರ್ದು ಅಂದಿದ್ಲಲ್ಲಾ, ಬೈತಾಳೆ ಅಂತ ಎದ್ರಿಕೆ.”

“ಬೆಚ್ಚಗೆ ಇಟ್ಟರೆ ಏನಾಗುತ್ತೆ ಅಂದ್ಕೊಂಡ್ರಿ ಅಮ್ಮ?” ಮೇಷ್ಟ್ರು ಕೇಳಿದರು.

“ಬೆಚ್ಗಿದ್ರೆ ಉಳ ಬಿರ್ರನೆ ಅಣ್ಣಾಯ್ತವೆ ಸ್ವಾಮಿ. ಅಣ್ಣಾದ್ರೆ ತಾನೆ ಬೆಳೆ ಕೈಗ್ ಬರಾದು? ನಮ್ ಉಳ ಅಣ್ಣಾಗಿ ಗೂಡ್ ಕಟ್ಟಕೆ ಚಂದ್ರಿಕೆ ತಟ್ಟೆ ಅತ್ದಂಗೆ ಇವ್ಳ್ ಉಳ ಸೀಸೆ ಗೋಡೆ ಅತ್ತಿದ್ವು. ನಂಗೆ ಸಂತೋಸ ಆಯ್ತು. ಆವತ್ತು ಪೋನ್ ಮಡಗಿ ಕುಂತು ಅಳ್ತಿದ್ಲು. ಬೆಳೆ ತಡ ಆಯ್ತಾ ಅದೆ, ಅದ್ಕೇ ಅಳ್ತಾವ್ಳೆ, ಬೇಗ ಬಂದ್ರೆ ಬೇಗ ಇವ್ಳ್ ಪರೀಕ್ಸೆ ಮುಗೀತದೆ ಅಂದ್ಕಂಡು ಇನ್ನೊಂದು ಕೆಂಡದ್ ಬಾಂಡ್ಲಿ ಮಡಗ್ದೆ.”

ಪ್ರಮೀಳಾ ಇಷ್ಟು ದಿನ ಕಟ್ಟಿಕೊಂಡಿದ್ದ ಕಥೆ, ಊಜಿಯ ಸೇಡು, ಮೌನದ ವಿಷ, ಎಲ್ಲ ಒಂದೇ ಬಾರಿಗೆ ಕುಸಿಯಿತು. ಆದರೂ ಸೋಲೊಪ್ಪದ ಒಂದು ಮಾತು ಬಾಯಿಗೆ ಬಂತು.

“ಅತ್ತೆ, ಊಜಿ ಬಂದದ್ದು ನನ್ನ ನೊಣದಿಂದ ಅಂತ ನಿಮಗೂ ಅನಿಸಿತ್ತಲ್ಲಾ? ಮಂಚಮ್ಮ ಅಂದಾಗ ಸುಮ್ಮನೆ ನಿಂತಿದ್ರಿ.”

“ಊಜಿ ಯಾವ್ದು, ಈ ಅಣ್ಣಿನ್ ಗುಂಗ್ರಿ ಯಾವ್ದು ಅಂತ ನಂಗೊತ್ತಿಲ್ವಾ ಮಗ? ಇದೇ ಊಜಿ ಆಗಿದ್ರೆ ನಾನೇ ಎತ್ಕಂಡೋಗಿ ರೇಸ್ಮೆ ಉಳ ಪಕ್ಕ ಮಡಗ್ತಿದ್ನಾ? ನೀನ್ ಒಳೀಕ್ ಓದ್ಮೇಲೆ ಮಂಚಿಗೆ ಸರ್ಯಾಗ್ ಮಂಗಳಾರತಿ ಎತ್ತಿವ್ನಿ, ಓಗ್ ಕೇಳು. ಸೊಸೆ ಮುಂದೆ ನಿಂತ್ಕಂಡು ಬೀದೀಲಿ ಬಾಯ್ ಮಾಡ್ಬಾರ್ದು ಅಂತ ಸುಮ್ಕಿದ್ದೆ.”

ಪ್ರಮೀಳಾ ಮೇಷ್ಟ್ರ ಕಡೆ ತಿರುಗಿದಳು. ಇನ್ನೇನು ಎಲ್ಲ ತಿಳಿಯಾಯಿತು, ಮೇಷ್ಟ್ರಿಗೂ ಗೊತ್ತಾಯಿತು, ತಾನು ಕಳ್ಳಿಯಲ್ಲ ಅಂತ ಸಾಬೀತಾಯಿತು ಅಂದುಕೊಂಡು ಅವರ ಮುಖ ನೋಡಿದಳು. ಮೇಷ್ಟ್ರು ಕನ್ನಡಕದ ಮೇಲಿನಿಂದ ಒಮ್ಮೆ ಅತ್ತೆಯನ್ನು, ಒಮ್ಮೆ ಸೊಸೆಯನ್ನು ನೋಡುತ್ತ ತುಟಿಯ ಅಂಚಿನಲ್ಲಿ ನಗುತ್ತಿದ್ದರು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಲತಾಳ ನಗುಮುಖವನ್ನು ತಾನು ಅನುಮಾನದಿಂದ ನೋಡಿದ್ದೂ ಹೀಗೆಯೇ.

“ಸುಣ್ಣದ ಸೀಸೆ, ಬೀಗ, ಅತ್ತೆಯ ಸಾಕ್ಷಿ,” ಅಂದರು ಮೇಷ್ಟ್ರು. “ಎಲ್ಲಾ ಅಚ್ಚುಕಟ್ಟಾಗಿದೆ. ಪಾಪ, ವಯಸ್ಸಾದವರು, ಒಂದು ಮಾತೂ ತಪ್ಪಿಲ್ಲ. ಅತ್ತೆಗೆ ಚೆನ್ನಾಗಿ ಹೇಳಿಕೊಟ್ಟಿದ್ದೀರಿ ಪ್ರಮೀಳಾ.”

ನಿಜವನ್ನೇ ಹೇಳಿದರೂ ನಂಬದವರ ಮುಂದೆ ಇನ್ನೇನು ಹೇಳುವುದು? ಮೇಷ್ಟ್ರು ಚೀಲಕ್ಕೆ ಕೈ ಹಾಕಿ ಎದ್ದೇಳುವವರಿದ್ದರು. ಅಷ್ಟರಲ್ಲಿ ಪುಟ್ಟತಾಯಮ್ಮ ಅವರ ದಾರಿಗೆ ಅಡ್ಡ ಬಂದು ನಿಂತರು. ಅವರಿಗೆ ಸಿಟ್ಟು ಬಂದದ್ದನ್ನು ಪ್ರಮೀಳಾ ನೋಡಿದ್ದು ಅಂದೇ ಮೊದಲು.

“ಏನಂದ್ರಿ? ಯೋಳ್ಕೊಟ್ಟವ್ಳಾ? ಇವ್ಳಾ? ನಂಗಾ?” ಅಂದರು. “ಇವ್ಳು ಈ ಮನೆಗೆ ಬಂದು ಆರೊರ್ಸ ಆಯ್ತು ಸ್ವಾಮಿ. ಪೇಟೆ ಮಕ್ಳಿಗೆಲ್ಲಾ ದಿನಾ ಪಾಟ ಯೋಳ್ಕೊಡ್ತಾಳೆ. ನಂಗೆ ಒಂದಿನ, ಅತ್ತೆ, ಇದು ಇಂಥಾ ಉಳ, ಇದ್ಕೆ ಸೀತ ಬೇಕು ಅಂತ ಒಂದ್ ಮಾತು ಯೋಳ್ಕೊಡ್ಲಿಲ್ಲ. ಯೋಳ್ಕೊಟ್ಟಿದ್ರೆ ನಾನ್ಯಾಕೆ ಕೆಂಡ ಮಡಗ್ತಿದ್ದೆ?”

ಮೇಷ್ಟ್ರ ನಗು ನಿಂತಿತು. ಚೀಲದಿಂದ ಕೈ ತೆಗೆದು ಮತ್ತೆ ಕೂತರು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು, ಯಾರೂ ಅತ್ತ ನೋಡಲಿಲ್ಲ. ಅವರು ಪ್ರಮೀಳಾಳ ಕಡೆ ತಿರುಗಿದರು.

“ಹೌದಾ? ಇವರಿಗೆ ನೀವು ಏನೂ ಹೇಳಿಕೊಟ್ಟಿಲ್ಲವಾ?”

ಪ್ರಮೀಳಾ ಅತ್ತೆಯ ಮುಖ ನೋಡಲಾರದೆ ನೆಲ ನೋಡಿದಳು.

“ಇಲ್ಲ ಸಾರ್,” ಅಂದಳು. “ಏನೂ ಹೇಳಿಕೊಟ್ಟಿಲ್ಲ.”

ಮೇಷ್ಟ್ರು ನಂಬಿದರು.